ದನಿ ಹೋದ ದಿನಗಳಲ್ಲಿ ಸಂತೋಷ ಕಲಿತದ್ದು

ನನ್ನ ಥೈರಾಯ್ಡ್ ಆಪರೇಷನ್ ಆದ ಮೇಲಿನ ದೊಡ್ಡ ಚೆಕಪ್ ಮೊನ್ನೆ ಮುಗಿಯಿತು. ಸದ್ಯಕ್ಕೆ ಎಲ್ಲಾ ಸರಿಯಿದೆ, ಇನ್ನು ಆರು ತಿಂಗಳು ಬಿಟ್ಟು ಬನ್ನಿ ಅಂದರು ಡಾಕ್ಟರ್. ಇದೆಲ್ಲಾ ಮನಸ್ಸಿನಲ್ಲಿ ಹಸಿಯಾಗಿರುವಾಗಲೇ ಬರೆದಿಡೋಣ ಅಂತ ಕೂತಿದ್ದೇನೆ. ನಾನು ಈ ದಾರಿಗೆ ಬಿದ್ದಾಗ ಆಸ್ಪತ್ರೆಯ ವಿಷಯ ಹೇಳುವವರು ಬೇಕಾದಷ್ಟು ಜನ ಸಿಕ್ಕರು. "ದೇವರನ್ನು ನಂಬು, ಎಲ್ಲಾ ಸರಿಹೋಗುತ್ತೆ" ಅನ್ನುವವರೂ ಸಿಕ್ಕರು. ಆದರೆ ರಿಪೋರ್ಟಿಗೆ ಕಾಯುವ ರಾತ್ರಿಯಲ್ಲಿ ಯೇಸು ಸ್ವಾಮಿಯನ್ನು ನಂಬಿದವರು ಏನು ಮಾಡಬೇಕು, ಕಷ್ಟ ಬಂದಾಗ ಸಂತೋಷಪಡಿ ಎನ್ನುವ ಮಾತನ್ನು ಬದುಕುವುದು ಹೇಗೆ, ಇದನ್ನು ಬಿಡಿಸಿ ಹೇಳಿದವರು ಕಡಿಮೆ. ನಿಮ್ಮ ಕಷ್ಟ ಕಾಯಿಲೆಯೇ ಆಗಿರಬೇಕಿಲ್ಲ. ಕೆಲಸ ಹೋಗಿರಬಹುದು, ಮನೆಯಲ್ಲಿ ಜಗಳ ಇರಬಹುದು. ಕಾಯುವುದು ಮಾತ್ರ ಎಲ್ಲರದ್ದೂ ಒಂದೇ.

ಶುರುವಾದದ್ದು ಹೀಗೆ. ಕ್ವಾಯರ್ (ನಮ್ಮ ಸಭೆಯ ಹಾಡುವ ತಂಡ) ಅಭ್ಯಾಸದ ನಡುವೆ ನೀರು ಕುಡಿಯುತ್ತಿದ್ದಾಗ ಪಕ್ಕದಲ್ಲಿದ್ದ ಅಕ್ಕ ನನ್ನ ಕುತ್ತಿಗೆ ನೋಡಿ, "ಅಲ್ಲೇನೋ ಮೇಲೆ ಕೆಳಗೆ ಹೋದ ಹಾಗಿದೆಯಲ್ಲಾ" ಅಂದರು. ಥೈರಾಯ್ಡ್ ಗಂಟು ನುಂಗುವಾಗ ಹಾಗೆಯೇ ಮೇಲೆ ಹೋಗಿ ಕೆಳಗೆ ಬರುತ್ತದೆ. ನೋವಿಲ್ಲ, ಏನಿಲ್ಲ. ರಕ್ತ ಪರೀಕ್ಷೆ, ಸ್ಕ್ಯಾನ್, ಆಮೇಲೆ ಸೂಜಿ ಪರೀಕ್ಷೆ. ಇಂಥ ಗಂಟುಗಳಲ್ಲಿ 90 ಶೇಕಡಕ್ಕಿಂತ ಜಾಸ್ತಿ ಕ್ಯಾನ್ಸರ್ ಅಲ್ಲ ಎಂದು ಮೊದಲೇ ಹೇಳಿದ್ದರು, ಹಾಗಾಗಿ ಸ್ವಲ್ಪ ಧೈರ್ಯದಲ್ಲೇ ಇದ್ದೆ.

ಸೂಜಿ ಪರೀಕ್ಷೆಯ ಉತ್ತರವನ್ನು 6 ವರ್ಗಗಳಲ್ಲಿ ಬರೆಯುತ್ತಾರೆ. 2 ಬಂದರೆ ನಿರಪಾಯ, 6 ಬಂದರೆ ಕ್ಯಾನ್ಸರ್. ನನಗೆ ಬಂದದ್ದು 4. ಅಂದರೆ ಹೌದು ಅಂತಲೂ ಹೇಳಲಾಗದು, ಇಲ್ಲ ಅಂತಲೂ ಹೇಳಲಾಗದು. ಗಂಟಿರುವ ಅರ್ಧ ಗ್ರಂಥಿಯನ್ನು ತೆಗೆದು ಪರೀಕ್ಷೆ ಮಾಡಿದರೆ ಮಾತ್ರ ಖಚಿತ ಗೊತ್ತಾಗುತ್ತದೆ ಎಂದರು. ಕೆಟ್ಟ ಸುದ್ದಿಯನ್ನಾದರೂ ಎದುರಿಸಬಹುದು ಅನಿಸಿತು, ಈ ನಡುವಿನ ಸ್ಥಿತಿ ಇದೆಯಲ್ಲಾ, ಅದು ಮನುಷ್ಯನನ್ನು ಒಳಗಿನಿಂದ ತಿನ್ನುತ್ತದೆ. ಬೆಳಿಗ್ಗೆ ಒಂದು ಥರ, ಮಧ್ಯಾಹ್ನ ಒಂದು ಥರ. ರಾತ್ರಿ ಫೋನ್ ಹಿಡಿದುಕೊಂಡು ಸಿಕ್ಕಿದ್ದೆಲ್ಲಾ ಓದುವುದು. ಈ ಒಂದು ವಿಷಯ ನಿಮಗೆ ಕೈಮುಗಿದು ಹೇಳುತ್ತೇನೆ: ರಾತ್ರಿ ಹೊತ್ತು ಕಾಯಿಲೆಯ ಬಗ್ಗೆ ಹುಡುಕಬೇಡಿ. ಪ್ರಶ್ನೆಗಳನ್ನು ಹಾಳೆಯಲ್ಲಿ ಬರೆದಿಟ್ಟುಕೊಂಡು ಡಾಕ್ಟರನ್ನೇ ಕೇಳಿ.

ಆ ಭಾನುವಾರ ಸಭೆಯಲ್ಲಿ ಪಾಸ್ಟರ್ ಓದಿದ ಭಾಗ ಬೈಬಲಿನ ಯಾಕೋಬನ ಪತ್ರದ ಮೊದಲ ಅಧ್ಯಾಯ. ನಾನಾ ಕಷ್ಟಗಳಲ್ಲಿ ಸಿಕ್ಕಿಕೊಂಡಾಗ ಅದನ್ನು ಸಂತೋಷ ಅಂತಲೇ ತಿಳಿಯಿರಿ, ನಂಬಿಕೆಗೆ ಆಗುವ ಪರೀಕ್ಷೆ ತಾಳ್ಮೆಯನ್ನು ಹುಟ್ಟಿಸುತ್ತದೆ ಎಂದು ಅಲ್ಲಿದೆ. ನನಗೆ ಸಿಟ್ಟು ಬಂತು. ನಿಜ ಹೇಳುತ್ತಿದ್ದೇನೆ. ಕುತ್ತಿಗೆಯಲ್ಲಿ ಗಂಟು ಇಟ್ಟುಕೊಂಡವಳಿಗೆ ಸಂತೋಷಪಡು ಅಂದರೆ ಯಾರಿಗೆ ತಾನೇ ಹಿಡಿಸುತ್ತದೆ? ಮನೆಗೆ ಬಂದು ಅದೇ ಅಧ್ಯಾಯವನ್ನು ಮತ್ತೆ ತೆಗೆದೆ. 5ನೇ ವಚನದಲ್ಲಿ ನಿಂತೆ. ಕಷ್ಟದ ಮಾತು ಮುಗಿಯುತ್ತಿದ್ದಂತೆಯೇ, ನಿಮ್ಮಲ್ಲಿ ಯಾರಿಗಾದರೂ ಜ್ಞಾನ ಕಡಿಮೆ ಅನಿಸಿದರೆ ದೇವರನ್ನು ಕೇಳಿಕೊಳ್ಳಿ, ಆತನು ಹಂಗಿಸದೆ ಎಲ್ಲರಿಗೂ ಧಾರಾಳವಾಗಿ ಕೊಡುತ್ತಾನೆ ಎಂದು ಬರೆದಿದ್ದಾನೆ. ಹಂಗಿಸದೆ! ಇಷ್ಟೂ ಗೊತ್ತಾಗಲ್ವಾ, ಇಷ್ಟೂ ನಂಬಿಕೆ ಇಲ್ವಾ ಎಂದು ಕೇಳದೆ ಕೊಡುವ ದೇವರು. ಸಂತೋಷಪಡುವುದು ಹೇಗೆ ಅಂತ ಗೊತ್ತಿಲ್ಲದಿದ್ದರೆ ಅದನ್ನೂ ಆತನನ್ನೇ ಕೇಳಬಹುದು ಅಂತಾಯಿತಲ್ಲಾ. ಅವತ್ತಿನಿಂದ ನನ್ನ ಪ್ರಾರ್ಥನೆ ಬದಲಾಯಿತು. ಗಂಟು ಏನೂ ಆಗಿರದಿರಲಿ ಎಂದು ಬೇಡುವುದನ್ನು ಬಿಡಲಿಲ್ಲ, ಅದನ್ನು ದಿನಾಲೂ ಬೇಡಿದೆ. ಅದರ ಜೊತೆಗೆ, "ಕರ್ತನೇ, ಉತ್ತರ ಯಾವುದೇ ಬರಲಿ, ಅದನ್ನು ಹೊರುವುದು ಹೇಗೆಂದು ಕಲಿಸು" ಎಂಬ ಮಾತೂ ಸೇರಿತು.

ಆಪರೇಷನ್ ದಿನಾಂಕಕ್ಕೆ ಕಾಯುವ ಆ ವಾರಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡು ವಿಷಯ. ಒಂದು, ಬೈಬಲಿನ ಹಾಡುಗಳ ಪುಸ್ತಕದ ಕೀರ್ತನೆ 13. ಬರೀ 6 ವಚನ. ಮೊದಲ ಎರಡು ವಚನಗಳಲ್ಲೇ ದಾವೀದ "ಇನ್ನೆಷ್ಟು ದಿನ" ಅಂತ ನಾಲ್ಕು ಸಲ ಕೇಳುತ್ತಾನೆ. ನನ್ನನ್ನು ಮರೆತೇ ಬಿಟ್ಟೆಯಾ ಎಂದು ದೇವರನ್ನೇ ಕೇಳುತ್ತಾನೆ. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಇಂಥ ಅಳಲಿನವೇ. ಕೀರ್ತನೆ 88 ಅಂತೂ ಕೊನೆಯ ಸಾಲಿನವರೆಗೂ ಕತ್ತಲೆಯಲ್ಲೇ ಇದೆ, ಮುಗಿಯುವಾಗಲೂ ಬೆಳಕಿನ ಮಾತಿಲ್ಲ. ಅದನ್ನೂ ದೇವರ ವಾಕ್ಯದಲ್ಲಿ ಸೇರಿಸಿ ಇಟ್ಟಿದ್ದಾರೆ. ಹಾಗಾದರೆ ನಾನು ಅಳುತ್ತಾ, ಜಗಳವಾಡುತ್ತಾ ಪ್ರಾರ್ಥನೆ ಮಾಡುವುದು ಅಪನಂಬಿಕೆ ಅಲ್ಲ. ನಂಬಿಕೆ ಇಲ್ಲದವರು ದೇವರ ಹತ್ತಿರ ಜಗಳಕ್ಕೇ ಹೋಗುವುದಿಲ್ಲ. ಇದು ಮನಸ್ಸಿಗೆ ಇಳಿದ ದಿನ ಎಷ್ಟೋ ಕಾಲದ ಮೇಲೆ ಚೆನ್ನಾಗಿ ನಿದ್ದೆ ಮಾಡಿದೆ.

ಇನ್ನೊಂದು, ಫಿಲಿಪ್ಪಿ ಊರಿನ ಸಭೆಯವರಿಗೆ ಅಪೊಸ್ತಲ ಪೌಲ ಬರೆದ ಪತ್ರ. ನಾಲ್ಕೇ ಅಧ್ಯಾಯ, ಕೂತರೆ ಕಾಲು ಗಂಟೆಯಲ್ಲಿ ಓದಿ ಮುಗಿಸಬಹುದು. ಸೆರೆಯಲ್ಲಿ ಬೇಡಿ ಹಾಕಿಸಿಕೊಂಡು ಬರೆದ ಪತ್ರ. ಸಂತೋಷ, ಸಂತೋಷಪಡಿ ಎನ್ನುವ ಮಾತು ಅದರಲ್ಲಿ ಸುಮಾರು 16 ಸಲ ಬರುತ್ತದೆ. ಎಲ್ಲರೂ ಹೇಳುವುದು 4ನೇ ಅಧ್ಯಾಯದ ಯಾವುದಕ್ಕೂ ಚಿಂತೆ ಮಾಡಬೇಡಿ ಎನ್ನುವ ವಚನ. ನನಗೆ ಹಿಡಿಸಿದ್ದು 2ನೇ ಅಧ್ಯಾಯದ ಕೊನೆ. ಅಲ್ಲಿ ಎಪಫ್ರೊದೀತ ಎಂಬ ಗೆಳೆಯ ಕಾಯಿಲೆ ಬಿದ್ದು ಸಾಯುವ ಹಾಗಾಗಿದ್ದ, ದೇವರು ಕರುಣೆ ತೋರಿಸಿದ, ಇಲ್ಲದಿದ್ದರೆ ನನಗೆ ದುಃಖದ ಮೇಲೆ ದುಃಖ ಬರುತ್ತಿತ್ತು ಎಂದು ಪೌಲ ಬರೆಯುತ್ತಾನೆ. ಅವನನ್ನು ನಿಮ್ಮ ಹತ್ತಿರ ಕಳಿಸಿದರೆ ನನ್ನ ಚಿಂತೆಯೂ ಕಡಿಮೆಯಾಗುತ್ತೆ ಅನ್ನುತ್ತಾನೆ. ಚಿಂತೆ ಬೇಡ ಎಂದು ಬರೆದ ಅದೇ ಕೈ, ಅದೇ ಪತ್ರ! ಹಾಗಾದರೆ ಆತನ ಸಂತೋಷ ಭಯ, ದುಃಖ ಎಲ್ಲಾ ಖಾಲಿಯಾದ ಮೇಲೆ ಬಂದದ್ದಲ್ಲ. ಅವುಗಳ ಪಕ್ಕದಲ್ಲೇ ಇತ್ತು. ನನಗೆ ಬೇಕಾಗಿದ್ದದ್ದು ಇದೇ. ಭಯ ಪೂರ್ತಿ ಹೋಗಲಿ, ಆಮೇಲೆ ಸಂತೋಷ ಬರಲಿ ಎಂದು ಕಾಯುತ್ತಾ ಕೂತಿದ್ದೆ, ಹಾಗೆ ಕಾಯಬೇಕಾಗಿಲ್ಲ ಅಂತ ಗೊತ್ತಾಯಿತು.

ಈಗ ಕಾಗದ ಪತ್ರದ ವಿಷಯ. ಆಸ್ಪತ್ರೆಗೆ ಸೇರುವ ದಿನ ಇನ್ಶೂರೆನ್ಸ್ ಒಪ್ಪಿಗೆ ಸಿಗಲಿಲ್ಲ. ಗುರುತಿನ ಚೀಟಿಯಲ್ಲಿ ಒಂದು ಥರ ಹೆಸರು, ಪಾಲಿಸಿಯಲ್ಲಿ ಒಂದು ಅಕ್ಷರ ಬೇರೆ. ಇಬ್ಬರೂ ಒಬ್ಬರೇ ಅಂತ ಬರೆದು ಕೊಡಿ, ಅದಕ್ಕೆ ದಾಖಲೆ ಕೊಡಿ, ಮೇಲ್ ಕಳಿಸಿ, ಕಾಯಿರಿ. ಬ್ಯಾಗು, ಫೈಲು ಹಿಡಿದುಕೊಂಡು ನಾನು ಮತ್ತು ನಮ್ಮ ಯಜಮಾನ್ರು ಬೆಳಿಗ್ಗೆಯಿಂದ ಸಂಜೆವರೆಗೆ ಕೌಂಟರ್ ಮುಂದಿನ ಕುರ್ಚಿಯಲ್ಲೇ ಇದ್ದೆವು. ಕೊನೆಗೆ ಅವತ್ತಿನ ಆಪರೇಷನ್ ಮುಂದೆ ಹೋಯಿತು. ಮನಸ್ಸು ಗಟ್ಟಿ ಮಾಡಿಕೊಂಡು ಬಂದವರಿಗೆ ವಾಪಸ್ ಮನೆಗೆ ಹೋಗುವುದಿದೆಯಲ್ಲಾ, ಆಪರೇಷನ್‌ಗಿಂತ ಅದೇ ಜಾಸ್ತಿ ಸುಸ್ತು ಮಾಡಿತು. ದಯವಿಟ್ಟು ದಿನಾಂಕ ಗೊತ್ತಾದ ಕೂಡಲೇ ಪಾಲಿಸಿ, ಗುರುತಿನ ಚೀಟಿ, ಆಸ್ಪತ್ರೆಯ ನೋಂದಣಿ, ಮೂರರಲ್ಲೂ ಹೆಸರು ಮತ್ತು ಹುಟ್ಟಿದ ದಿನಾಂಕ ಒಂದೇ ಇದೆಯಾ ನೋಡಿ. ಹಳೆಯ ಸ್ಕ್ಯಾನು, ಸೂಜಿ ಪರೀಕ್ಷೆಯ ರಿಪೋರ್ಟು, ಎಲ್ಲದರ ಜೆರಾಕ್ಸ್ ಎರಡೆರಡು ಇಟ್ಟುಕೊಳ್ಳಿ. ಎಲ್ಲಾ ವಿಷಯದಲ್ಲೂ ಬೇಡಿಕೆಗಳನ್ನು ದೇವರಿಗೆ ತಿಳಿಸಿ ಎಂದು ಪೌಲ ಹೇಳುವಾಗ ಇನ್ಶೂರೆನ್ಸ್ ಫಾರಂ ಕೂಡ ಅದರಲ್ಲಿ ಬರುತ್ತೆ ಅಂತ ಆ ಕುರ್ಚಿಯಲ್ಲಿ ಕೂತು ನಂಬಿದೆ. ಒಪ್ಪಿಗೆ ಬೇಗ ಬರಲಿಲ್ಲ. ಆದರೆ ಕೌಂಟರಿನ ಹುಡುಗಿಯ ಮೇಲೆ ಕಿರುಚದೆ ಆ ದಿನ ಕಳೆಯಿತು. ನನ್ನ ಸ್ವಭಾವ ಬಲ್ಲವರಿಗೆ ಅದು ಸಣ್ಣ ವಿಷಯ ಅಲ್ಲ ಅಂತ ಗೊತ್ತು.

ಹಣ. ಇನ್ಶೂರೆನ್ಸ್ ಎಲ್ಲವನ್ನೂ ಕೊಡುವುದಿಲ್ಲ. ಮೊದಲಿನ ಪರೀಕ್ಷೆಗಳು, ಆಮೇಲಿನ ಪರೀಕ್ಷೆಗಳು, ಓಡಾಟ, ರಜೆಯಲ್ಲಿ ಕಳೆದುಹೋಗುವ ಸಂಬಳ, ಇದೆಲ್ಲಾ ಕೈಯಿಂದಲೇ ಹೋಗುತ್ತದೆ. ಮೊದಲೇ ಲೆಕ್ಕ ಹಾಕಿಡಿ. ಸಭೆಯವರು ಒಂದು ಕವರ್ ತಂದು ಕೊಟ್ಟಾಗ ತೆಗೆದುಕೊಳ್ಳಲು ನನಗೆ ಬಹಳ ಸಂಕೋಚವಾಯಿತು. ಇಷ್ಟು ವರ್ಷ ಕೊಡುವ ಕಡೆ ಇದ್ದವಳು. ಆಗಲೂ ಅದೇ ಪತ್ರ ನೆನಪಾಯಿತು. ಫಿಲಿಪ್ಪಿಯವರು ಎಪಫ್ರೊದೀತನ ಕೈಯಲ್ಲಿ ಪೌಲನಿಗೆ ಸಹಾಯ ಕಳಿಸಿದ್ದರು, ಅದು ಮುಟ್ಟಿತು ಎಂದು ಆತನು ಹೇಳುವುದೂ ಆ ಪತ್ರದಲ್ಲೇ ಇದೆ. ಅದು ದೇವರಿಗೆ ಮೆಚ್ಚಿಗೆಯಾದ ಕಾಣಿಕೆ ಅನ್ನುತ್ತಾನೆ, ತೆಗೆದುಕೊಳ್ಳಲು ನಾಚಿಕೆಪಡುವುದಿಲ್ಲ. ನಾನೂ ತೆಗೆದುಕೊಂಡೆ.

ಆಪರೇಷನ್ ದಿನದ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಒಳಗೆ ಕರೆದುಕೊಂಡು ಹೋಗುವ ಮೊದಲು ಯಜಮಾನ್ರು ತಲೆ ಮೇಲೆ ಕೈಯಿಟ್ಟು ಎರಡು ಮಾತು ಪ್ರಾರ್ಥನೆ ಮಾಡಿದರು. ಶಿಲುಬೆಗೆ ಹೋಗುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಸ್ವಾಮಿಯೇ ಈ ಕಷ್ಟದ ಪಾತ್ರೆಯನ್ನು ನನ್ನಿಂದ ತೆಗೆ ಎಂದು ಬೇಡಿಕೊಂಡರಲ್ಲಾ, ಅದನ್ನು ಹಿಡಿದುಕೊಂಡು ಒಳಗೆ ಹೋದೆ. ಭಯಪಡುವವರ ಜೊತೆ ಇರಲು ನಾಚಿಕೆಪಡದ ಕರ್ತನು.

ಎದ್ದಾಗ ದನಿ ಇರಲಿಲ್ಲ.

ದನಿಯ ಪೆಟ್ಟಿಗೆಗೆ ಹೋಗುವ ನರ ಥೈರಾಯ್ಡಿಗೆ ತಾಗಿಕೊಂಡೇ ಹೋಗುತ್ತದೆ. ಎಷ್ಟು ಜಾಗ್ರತೆ ಮಾಡಿದರೂ ಕೆಲವೊಮ್ಮೆ ಅದಕ್ಕೆ ಪೆಟ್ಟು ಬೀಳುತ್ತದೆ, ಹೆಚ್ಚಿನವರಲ್ಲಿ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಸರಿಹೋಗುತ್ತದೆ. ಇದನ್ನು ಮೊದಲೇ ಹೇಳಿದ್ದರು, ಸಹಿಯನ್ನೂ ತೆಗೆದುಕೊಂಡಿದ್ದರು. ಆದರೆ ಕಾಗದದಲ್ಲಿ ಓದುವುದೇ ಬೇರೆ, ಬಾಯಿ ತೆರೆದರೆ ಬರೀ ಗಾಳಿ ಬರುವುದೇ ಬೇರೆ. ನಾನು ಚಿಕ್ಕಂದಿನಿಂದ ಹಾಡಿದವಳು. ಖುಷಿಯಾದರೂ ಹಾಡು, ದುಃಖವಾದರೂ ಹಾಡು. ನನ್ನ ಪ್ರಾರ್ಥನೆಯೇ ಅರ್ಧ ಹಾಡು. ಕ್ಯಾನ್ಸರ್ ಭಯಕ್ಕಿಂತ ಇದು ನನ್ನನ್ನು ಜಾಸ್ತಿ ಕುಗ್ಗಿಸಿತು ಅಂದರೆ ಕೆಲವರಿಗೆ ವಿಚಿತ್ರ ಅನಿಸಬಹುದು.

ಆಗ ನೋಡಲು ಬಂದವರೊಬ್ಬರು, "ಜಕರೀಯನಿಗೂ ನಂಬದೇ ಇದ್ದದ್ದಕ್ಕೇ ಅಲ್ವಾ ಬಾಯಿ ಕಟ್ಟಿದ್ದು, ನಿನ್ನನ್ನು ನೀನೇ ಪರೀಕ್ಷೆ ಮಾಡಿಕೋ" ಅಂದು ಹೋದರು. ಜಕರೀಯ ಅಂದರೆ, ಮಗ ಹುಟ್ಟುತ್ತಾನೆ ಎಂಬ ದೇವದೂತನ ಮಾತನ್ನು ನಂಬದೆ ಮೂಕನಾದ ಯಾಜಕ. ಉತ್ತರ ಕೊಡಲು ನನಗೆ ದನಿಯೂ ಇಲ್ಲ. ಎರಡು ದಿನ ಆ ಮಾತು ಮುಳ್ಳಿನ ಹಾಗೆ ಚುಚ್ಚಿತು. ಆಮೇಲೆ ನಮ್ಮ ಕ್ವಾಯರಿನ ಅಕ್ಕ ಬಂದರು. ಏನೂ ಉಪದೇಶ ಮಾಡಲಿಲ್ಲ. ಸುಮ್ನೆ ಪಕ್ಕದಲ್ಲಿ ಕೂತು 1 ಸಮುವೇಲ ಮೊದಲ ಅಧ್ಯಾಯ ಓದಿದರು. ಮಕ್ಕಳಿಲ್ಲದ ಹನ್ನ ಮಗುವಿಗಾಗಿ ದೇವಾಲಯದಲ್ಲಿ ಪ್ರಾರ್ಥಿಸುತ್ತಾಳೆ, ತುಟಿ ಮಾತ್ರ ಅಲುಗಾಡುತ್ತದೆ, ದನಿ ಕೇಳಿಸುವುದಿಲ್ಲ. ಯಾಜಕನಾದ ಏಲಿ ಅವಳು ಕುಡಿದಿದ್ದಾಳೆ ಎಂದು ತಿಳಿಯುತ್ತಾನೆ. ಪಕ್ಕದಲ್ಲಿದ್ದ ಯಾಜಕನಿಗೆ ತಪ್ಪಾಗಿ ಕಂಡದ್ದು ದೇವರಿಗೆ ಸರಿಯಾಗಿ ಕೇಳಿಸಿತು. ನಾನು ಆ ದಿನ ಬಿಕ್ಕಿ ಬಿಕ್ಕಿ ಅತ್ತೆ, ಅದೂ ಸದ್ದಿಲ್ಲದೆ. ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ, ಹೇಗೆ ಬೇಡಬೇಕೆಂದು ನಮಗೆ ತಿಳಿಯದಿರುವಾಗ ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡಿಕೊಳ್ಳುತ್ತಾನೆ ಎಂದಿದೆ. ಎಷ್ಟೋ ಸಲ ಓದಿದ ವಚನ. ಮಾತೇ ಇಲ್ಲದವಳಾಗಿ ಓದಿದ್ದು ಅದೇ ಮೊದಲು.

ಕಾಯಿಲೆಯವರನ್ನು ನೋಡಲು ಹೋಗುವವರಿಗೆ ಇಲ್ಲೇ ಒಂದು ಮಾತು. ಕಷ್ಟಕ್ಕೆ ಕಾರಣ ಹುಡುಕಿ ಕೊಡಲು ಹೋಗಬೇಡಿ. ಹುಟ್ಟು ಕುರುಡನನ್ನು ನೋಡಿ ಯಾರ ಪಾಪ ಇದು ಎಂದು ಶಿಷ್ಯರು ಕೇಳಿದಾಗ ಇವನದ್ದೂ ಅಲ್ಲ, ಇವನ ತಂದೆತಾಯಿಯದ್ದೂ ಅಲ್ಲ ಎಂದು ಯೇಸು ಸ್ವಾಮಿ ಹೇಳಿದ್ದು ಯೋಹಾನನ ಸುವಾರ್ತೆ 9ರಲ್ಲಿದೆ. ಹೋಗಿ, ಸ್ವಲ್ಪ ಹೊತ್ತು ಕೂತಿರಿ, ಬಟ್ಟೆ ಮಡಚಿ ಕೊಡಿ, ಚಿಕ್ಕದಾಗಿ ಪ್ರಾರ್ಥನೆ ಮಾಡಿ ಬನ್ನಿ.

ಆಮೇಲಿನ ಭಾನುವಾರಗಳಲ್ಲಿ ಸಭೆಗೆ ಹೋದೆ, ಕ್ವಾಯರ್ ಸಾಲಿನಲ್ಲಿ ಅಲ್ಲ, ಹಿಂದಿನ ಬೆಂಚಿನಲ್ಲಿ. ಮೊದಲ ಸಲ ಹೋದಾಗ ಹಾಡು ಶುರುವಾದ ತಕ್ಷಣ ಎದ್ದು ಹೊರಗೆ ಹೋಗೋಣ ಅನಿಸಿತು. ಹೋಗಲಿಲ್ಲ. ಎಲ್ಲರೂ ಎದ್ದು ನಿಂತರು, ನಾನೂ ನಿಂತೆ. ತುಟಿ ಆಡಿಸಿದೆ. ಪಕ್ಕದಲ್ಲಿ ಒಬ್ಬ ಅಜ್ಜಿ, ಶ್ರುತಿ ತಾಳ ಏನೂ ಇಲ್ಲ, ಗಟ್ಟಿಯಾಗಿ ಹಾಡುತ್ತಿದ್ದರು. ಮುಂದೆ ಒಂದು ಮಗು ಸಾಲಿನ ಕೊನೆಯ ಮಾತನ್ನು ಮಾತ್ರ ಹಿಡಿದು ಕೂಗುತ್ತಿತ್ತು. ಇಷ್ಟು ವರ್ಷ ಮುಂದೆ ನಿಂತು ಹಾಡುವಾಗ ನಮ್ಮ ಭಾಗ ಸರಿ ಬಂತಾ, ಶ್ರುತಿ ಸರಿಯಿದೆಯಾ ಎನ್ನುವುದರಲ್ಲೇ ಕಿವಿ ಇರುತ್ತಿತ್ತು. ಸಭೆ ಹಾಡುವುದನ್ನು ನಾನು ಕೇಳಿಯೇ ಇರಲಿಲ್ಲ. ಅವತ್ತು ಕೇಳಿದೆ. ನಾನು ಹೇಳಬೇಕಾದ ಸ್ತೋತ್ರವನ್ನೆಲ್ಲಾ ಅವರು ನನ್ನ ಪರವಾಗಿ ಹೇಳುತ್ತಿದ್ದಾರೆ ಅನಿಸಿತು. ಎದೆಯ ಒಳಗೆ ಏನೋ ಸಡಿಲವಾಯಿತು. ರಿಪೋರ್ಟ್ ಇನ್ನೂ ಬಂದಿರಲಿಲ್ಲ, ದನಿ ಬರುತ್ತದೋ ಇಲ್ಲವೋ ಗೊತ್ತಿರಲಿಲ್ಲ, ಆದರೂ ಅಲ್ಲಿ ನಿಂತು ನನಗೆ ಸಂತೋಷವಾಯಿತು, ಬಲವಂತವಾಗಿ ತಂದುಕೊಂಡದ್ದಲ್ಲ, ನಿಜವಾದದ್ದು. ನನ್ನ ನಂಬಿಕೆ ಗಟ್ಟಿಯಿದೆ ಎನ್ನುವ ಧೈರ್ಯ ಅದಲ್ಲ. ನನ್ನದು ಅಲುಗಾಡಿದಾಗಲೂ ಹಿಡಿದಿರುವವನು ಆತನು ಎನ್ನುವ ಧೈರ್ಯ. ಮನೆಯಲ್ಲೇ ಕೂತು ಪ್ರಾರ್ಥನೆ ಮಾಡಿದರೆ ಸಾಕಲ್ವಾ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ಆಗದ ದಿನ ಹೋಗಬೇಡಿ, ಆದ ದಿನ ಖಂಡಿತ ಹೋಗಿ. ನೀವು ಹಾಡಲಾಗದ ದಿನ ನಿಮಗಾಗಿ ಹಾಡುವವರು ಬೇಕು.

ರಿಪೋರ್ಟ್ ಬರಲು ಹೇಳಿದ್ದಕ್ಕಿಂತ ತಡವಾಯಿತು. ತೆಗೆದ ಭಾಗವನ್ನು ತೆಳ್ಳಗೆ ಕತ್ತರಿಸಿ ನೋಡಬೇಕು, ಕೆಲವೊಮ್ಮೆ ಇನ್ನಷ್ಟು ತುಂಡುಗಳನ್ನು ನೋಡಬೇಕಾಗುತ್ತದೆ, ಹಾಗಾಗಿ ತಡವಾದರೆ ಕೆಟ್ಟದ್ದೇ ಅಂತ ಅಂದುಕೊಳ್ಳಬೇಡಿ. ನನ್ನದು ಕ್ಯಾನ್ಸರ್ ಅಂತ ಬಂತು. ಸಣ್ಣದು, ಅಪಾಯ ಕಡಿಮೆ ಇರುವಂಥದ್ದು, ಪೂರ್ತಿ ತೆಗೆದಾಗಿದೆ, ಇನ್ನೊಂದು ಆಪರೇಷನ್ ಬೇಡ, ಆಗಾಗ ಸ್ಕ್ಯಾನ್ ಮಾಡಿಸುತ್ತಿದ್ದರೆ ಸಾಕು ಎಂದರು. ನನ್ನ ಕಿವಿಗೆ ಆ ಒಂದು ಪದ ಬಿಟ್ಟು ಬೇರೇನೂ ಬೀಳಲಿಲ್ಲ. ಉಳಿದದ್ದನ್ನೆಲ್ಲಾ ಯಜಮಾನ್ರು ಬರೆದುಕೊಂಡರು. ಅದಕ್ಕೇ ಹೇಳುತ್ತೇನೆ, ರಿಪೋರ್ಟ್ ಕೇಳಲು ಒಬ್ಬರೇ ಹೋಗಬೇಡಿ. ಬೇಡಿದ್ದು ಸಿಗಲಿಲ್ಲ ಅಲ್ವಾ ಎಂದು ಯಾರೋ ಕೇಳಿದರು. ಹೌದು, ಸಿಗಲಿಲ್ಲ. ಪೌಲನೂ ಶರೀರದಲ್ಲಿದ್ದ ಮುಳ್ಳನ್ನು ತೆಗೆ ಎಂದು ಮೂರು ಸಲ ಬೇಡಿದ, ಅದು ಹೋಗಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು. ಆ ರಾತ್ರಿ ಭಯವಾಯಿತು, ಅತ್ತೆವು, ಪ್ರಾರ್ಥನೆ ಮಾಡಿದೆವು. ಆದರೆ ಮೊದಲ ರಿಪೋರ್ಟ್ ಬಂದಾಗ ಕಾಲ ಕೆಳಗಿನ ನೆಲವೇ ಕುಸಿದ ಹಾಗಾಗಿತ್ತಲ್ಲಾ, ಈ ಸಲ ಹಾಗಾಗಲಿಲ್ಲ. ಕೆಳಗೆ ಏನೋ ಗಟ್ಟಿ ಇತ್ತು. ಪೇತ್ರನ ಮೊದಲ ಪತ್ರದ ಮೊದಲ ಅಧ್ಯಾಯದಲ್ಲಿ, ಈಗ ಸ್ವಲ್ಪ ಕಾಲ ದುಃಖಪಡಬೇಕಾಗಿ ಬಂದರೂ ನೀವು ಹರ್ಷಿಸುತ್ತೀರಿ ಎಂದು ಒಂದೇ ವಚನದಲ್ಲಿ ಎರಡನ್ನೂ ಹೇಳಿದ್ದಾನೆ. ನಮ್ಮ ಮನೆಯಲ್ಲಿ ಆ ರಾತ್ರಿ ಎರಡೂ ಇದ್ದವು.

ಒಂದು ವಿಷಯ ಯಾರೂ ನನಗೆ ಮೊದಲೇ ಹೇಳಿರಲಿಲ್ಲ. ಅದಾದ ಮೇಲೆ ಕೆಲವು ವಾರ ಮೈಯಲ್ಲಿ ಕಸುವೇ ಇಲ್ಲ, ಬೈಬಲ್ ತೆರೆದರೆ ಅಕ್ಷರ ತಲೆಗೆ ಹತ್ತುವುದಿಲ್ಲ, ಯಾವುದೂ ಬೇಡ ಅನಿಸುವುದು. ಸಿಕ್ಕಿದ್ದ ಸಂತೋಷವೂ ಹೋಯಿತಾ ಎಂದು ಗಾಬರಿಯಾಯಿತು. ರಕ್ತ ಪರೀಕ್ಷೆ ಮಾಡಿದಾಗ ಟಿಎಸ್‌ಎಚ್ ಏರಿತ್ತು, ಥೈರಾಯ್ಡ್ ಕಡಿಮೆಯಾದಾಗ ಏರುವ ಹಾರ್ಮೋನ್ ಅದು. ಉಳಿದ ಅರ್ಧ ಗ್ರಂಥಿ ಸಾಲುತ್ತಿರಲಿಲ್ಲ. ಥೈರಾಯ್ಡ್ ಕಡಿಮೆಯಾದರೆ ಸುಸ್ತು, ಮಂಕು, ಮನಸ್ಸು ಕುಗ್ಗುವುದು ಎಲ್ಲಾ ಇರುತ್ತದೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಮಾತ್ರೆ ಶುರುವಾಯಿತು, ನಿಧಾನವಾಗಿ ತಿಳಿಯಾಯಿತು. ಹಾಗಾಗಿ ಮನಸ್ಸು ಎದ್ದೇಳದಿದ್ದರೆ ತಕ್ಷಣ ನಂಬಿಕೆಯ ಮೇಲೆ ಹಾಕಬೇಡಿ, ಡಾಕ್ಟರಿಗೂ ಹೇಳಿ. ಪ್ರವಾದಿ ಎಲೀಯ ಸಾಕಪ್ಪಾ ಸಾಕು, ನನ್ನ ಪ್ರಾಣ ತೆಗೆದುಬಿಡು ಎಂದು ಮರದ ಕೆಳಗೆ ಬಿದ್ದುಕೊಂಡಾಗ ದೇವದೂತನು ಬೈಯಲಿಲ್ಲ. ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಅವನು ತಿಂದು ಮತ್ತೆ ಮಲಗಿದ. ದೂತನು ಮತ್ತೊಂದು ಸಲ ಬಂದು ಎಬ್ಬಿಸಿ ತಿನ್ನಿಸಿದ. ದೇವರ ಬೆಟ್ಟ, ದೇವರ ಮಾತು ಎಲ್ಲಾ ಬಂದದ್ದು ಆಮೇಲೆ. ನಿದ್ದೆ, ಊಟ, ಔಷಧಿ ಇವೂ ಆತನ ಕೈಯಿಂದಲೇ ಬರುವುದು. ಪೌಲನ ಜೊತೆಗಿದ್ದ ಲೂಕ ವೈದ್ಯನೇ ಅಲ್ವಾ.

ದನಿ ಈಗ ಮುಕ್ಕಾಲು ಪಾಲು ಬಂದಿದೆ. ಸ್ಪೀಚ್ ಥೆರಪಿಸ್ಟ್ ಹೇಳಿಕೊಟ್ಟ ಅಭ್ಯಾಸ ದಿನಾ ಮಾಡುತ್ತೇನೆ. ಮೇಲಿನ ಸ್ವರ ಹತ್ತುವುದಿಲ್ಲ, ಹತ್ತುತ್ತದೋ ಇಲ್ಲವೋ ಇನ್ನೂ ಕೆಲವು ತಿಂಗಳು ನೋಡಬೇಕಂತೆ. ಕ್ವಾಯರಿಗೆ ವಾಪಸ್ ಹೋಗಿದ್ದೇನೆ, ಕೆಳಗಿನ ಸ್ವರ ಹಾಡುವವರ ಸಾಲಿಗೆ. ಆ ಭಾಗವನ್ನು ಮೊದಲಿನಿಂದ ಕಲಿಯಬೇಕು, ಅಕ್ಕ ಕಲಿಸುತ್ತಿದ್ದಾರೆ. ಮುಂದಿನ ಸ್ಕ್ಯಾನ್ ಹತ್ತಿರ ಬಂದಾಗ ಮತ್ತೆ ಭಯ ಬರುತ್ತದೆ ಅಂತ ನನಗೆ ಗೊತ್ತು, ಅದಕ್ಕೆ ಈಗಲೇ ಇಬ್ಬರಿಗೆ ದಿನಾಂಕ ಹೇಳಿ ಇಟ್ಟಿದ್ದೇನೆ, ಆ ವಾರ ನನ್ನ ಜೊತೆ ಪ್ರಾರ್ಥನೆ ಮಾಡಲು. ನೀವೂ ಹಾಗೆ ಮಾಡಿ. ಇಡೀ ಊರಿಗೆ ಹೇಳುವುದು ಬೇಡ. ಉಪದೇಶ ಮಾಡದೆ ಕೇಳಿಸಿಕೊಳ್ಳುವ ಇಬ್ಬರನ್ನು ಆರಿಸಿಕೊಳ್ಳಿ, ರಿಪೋರ್ಟ್ ಬರುವ ಮೊದಲೇ ಅವರಿಗೆ ಫೋನ್ ಮಾಡಿ.